ತೋಟದ ಕ್ಯಾಂಪಿಗೆ ಸೈಕಲ್: ಬೀಗ ಯಾವುದು, ಕಟ್ಟುವುದೆಲ್ಲಿ, ಕಾಯುವವರು ಯಾರು?

ಪ್ರಶ್ನೆ: ನಾವು ಮೈಸೂರಿನ ಸರಸ್ವತಿಪುರಂನವರು. ನಮ್ಮ ಬೀದಿಯ ಏಳೆಂಟು ಮನೆಯವರು ಸೇರಿ ಡಿಸೆಂಬರ್ ಕೊನೆಯಲ್ಲಿ ಪಾಂಡವಪುರದ ಹತ್ತಿರ ಒಂದು ತೆಂಗಿನ ತೋಟದಲ್ಲಿ ನಡೆಯುವ ಕ್ಯಾಂಪಿಗೆ ಹೋಗುತ್ತಿದ್ದೇವೆ. ಎರಡು ರಾತ್ರಿ ಟೆಂಟಿನಲ್ಲಿ. ಬೇರೆ ಊರಿನ ಗುಂಪುಗಳೂ ಬರುತ್ತವೆ, ಒಟ್ಟು ನೂರು ಜನ ಆಗಬಹುದು ಅಂತಾರೆ. ನಮ್ಮವೇ 18 ಸೈಕಲ್, ಅದರಲ್ಲಿ ಆರು ಚಿಕ್ಕ ಮಕ್ಕಳವು. ನನ್ನ ಮಗನದು ಹೊಸ ಗೇರ್ ಸೈಕಲ್, 28 ಸಾವಿರದ್ದು. ಅದನ್ನೇ ತರಬೇಕು ಅಂತ ಹಟ ಹಿಡಿದಿದ್ದಾನೆ. ನಮ್ಮ ಹತ್ತಿರ ಇರುವುದು ಕೇಬಲ್ ಲಾಕ್‌ಗಳು ಮಾತ್ರ. ಅವು ಸಾಕಾ? ಮರಕ್ಕೆ ಕಟ್ಟಬೇಕಾ, ಟೆಂಟ್ ಒಳಗೆ ಇಟ್ಟುಕೊಳ್ಳಬೇಕಾ? ಅಲ್ಲಿಗೆ ಸೈಕಲ್ ತಲುಪಿಸುವುದು ಹೇಗೆ? ಅಕಸ್ಮಾತ್ ಕಳವಾದರೆ ಏನು ಮಾಡಬೇಕು?

ಉತ್ತರ: ಮೇಡಂ, ಕೇಬಲ್ ಲಾಕ್ ಒಂದನ್ನೇ ನಂಬಬೇಡಿ. ಆದರೆ ಹೊಸ ಬೀಗ ಕೊಳ್ಳಲು ಓಡುವ ಮೊದಲು ಒಂದು ಮಾತು ಕೇಳಿ. ನನ್ನದು ಮೈಸೂರಿನಲ್ಲಿ ಸೈಕಲ್ ಅಂಗಡಿ. ಇಂಥ ಕ್ಯಾಂಪ್‌ಗಳಿಗೆ ರಿಪೇರಿ ಸಾಮಾನು ಕಟ್ಟಿಕೊಂಡು ಹೋಗುವುದೂ ಉಂಟು. ನಾನು ಕಂಡಂತೆ ಅಲ್ಲಿ ಬೀಗ ಮುರಿದು ಸೈಕಲ್ ಒಯ್ಯುವುದು ಅಪರೂಪ. ಹೋದವು ಹೆಚ್ಚಾಗಿ ಬೀಗವನ್ನೇ ಹಾಕದೆ ಬಿಟ್ಟವು. ‘ಇಲ್ಲೇ ಇದ್ದೀವಲ್ಲ’ ಅಂತ ಟೆಂಟಿಗೆ ಒರಗಿಸಿದ್ದು, ‘ಅವರು ನೋಡ್ಕೋತಾರೆ’ ಅಂತ ಬಿಟ್ಟು ಊಟಕ್ಕೆ ಹೋದದ್ದು. ನೂರು ಜನ ಇರುವ ಕಡೆ ಎಲ್ಲರೂ ನೋಡ್ಕೋತಾರೆ ಅಂದರೆ ಯಾರೂ ನೋಡ್ಕೊಳ್ಳಲ್ಲ ಅಂತಲೇ. ಒಳ್ಳೆ ಬೀಗ ಬೇಕು, ನಿಜ. ಅದಕ್ಕಿಂತ ಮೊದಲು ಬೇಕಾದದ್ದು ಎಲ್ಲ ಸೈಕಲ್‌ಗೂ ಒಂದೇ ಜಾಗ, ಒಂದು ಪಟ್ಟಿ, ಹೊತ್ತಿಗೊಬ್ಬ ಜವಾಬ್ದಾರಿ ಮನುಷ್ಯ. ಬೀಗ ಅನ್ನುವುದು ಕಳ್ಳನಿಗೆ ಒಂದಷ್ಟು ಹೊತ್ತು ಹಿಡಿಸುತ್ತದೆ, ಅಷ್ಟೇ. ಆ ಹೊತ್ತಿನಲ್ಲಿ ‘ಯಾರಪ್ಪ ಅದು?’ ಅಂತ ಕೇಳುವವರು ಇರಬೇಕಲ್ಲ.

ಮೊದಲು ಬೀಗದ ವಿಷಯವನ್ನೇ ಮುಗಿಸೋಣ. ಕೀ ಕಳೆದುಕೊಂಡು, ಹಿಂದಿನ ಚಕ್ರ ಎತ್ತಿ ಹಿಡಿದು ಅಂಗಡಿ ತನಕ ಸೈಕಲ್ ತಳ್ಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಬಿಲ್ಲೋ, ಫೋನಿನಲ್ಲಿ ಹಳೇ ಫೋಟೋನೋ ತೋರಿಸಿದ ಮೇಲೆ ಅವರ ಬೀಗ ಕತ್ತರಿಸಿ ಕೊಡುತ್ತೇನೆ. ಯಾವ ಬೀಗ ಎಷ್ಟು ಗಟ್ಟಿ ಅನ್ನುವುದು ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಆಗ ಚೆನ್ನಾಗಿ ಗೊತ್ತಾಗುತ್ತದೆ. ಕೇಬಲ್ ಲಾಕ್ ನೋಡಲು ಹೆಬ್ಬೆರಳಿನಷ್ಟು ದಪ್ಪ. ಅದರಲ್ಲಿ ಬಹುಪಾಲು ಪ್ಲಾಸ್ಟಿಕ್. ಒಳಗಿರುವುದು ತೆಳ್ಳನೆಯ ತಂತಿಗಳನ್ನು ಹೊಸೆದ ಒಂದು ಎಳೆ. ಅದಕ್ಕೆ ದೊಡ್ಡ ಬೋಲ್ಟ್ ಕಟರ್ ಕೂಡ ಬೇಡ. ಜೇಬಿನಲ್ಲಿ ಹಿಡಿಸುವ ಕೇಬಲ್ ಕಟರ್‌ನಲ್ಲಿ ಸ್ವಲ್ಪ ಸ್ವಲ್ಪವೇ ಕಚ್ಚಿಸುತ್ತಾ ಹೋದರೆ ಒಂದು ನಿಮಿಷದೊಳಗೆ ಕೈಗೆ ಬರುತ್ತದೆ. ಪಕ್ಕದ ಟೆಂಟಿನಲ್ಲಿ ಮಲಗಿದವರಿಗೆ ಸದ್ದೂ ಕೇಳುವುದಿಲ್ಲ.

ನಂಬರ್ ಲಾಕ್‌ಗೆ ಕೀ ಕಳೆಯುವ ಗೋಳಿಲ್ಲ ಅಂತ ಮಕ್ಕಳಿಗೆ ಅದನ್ನೇ ಕೊಡಿಸುತ್ತಾರೆ. ಕಡಿಮೆ ಬೆಲೆಯದಾದರೆ ಎಳೆದು ಹಿಡಿದು ಒಂದೊಂದೇ ಬಿಲ್ಲೆ ತಿರುಗಿಸಿದಾಗ ಎಲ್ಲಿ ಬಿಗಿಯಾಯಿತು, ಎಲ್ಲಿ ಸಡಿಲಾಯಿತು ಅಂತ ಬೆರಳಿಗೇ ತಿಳಿಯುತ್ತದೆ. ಇನ್ನೊಂದು ಚಾಳಿ ಇದೆ. ಬೀಗ ಹಾಕಿದ ಮೇಲೆ ಕೊನೆಯ ಅಂಕಿ ಒಂದನ್ನು ಮಾತ್ರ ಸುಮ್ನೆ ಹಂಗೇ ತಿರುಗಿಸಿ ಹೋಗುವುದು. ಅದನ್ನು ವಾಪಸ್ ಒಂದು ಸುತ್ತು ತಿರುಗಿಸಿದವನಿಗೆ ಸೈಕಲ್ ಸಿಕ್ಕಿತು! ಹಳೇ ಕಾಲದ ಕರಿ ಸೈಕಲ್‌ಗಳಲ್ಲಿ ಹಿಂದಿನ ಚಕ್ರದ ಕಡ್ಡಿಗಳ ನಡುವೆ ಸರಳು ತೂರಿಸುವ ಬೀಗ ಇರುತ್ತದಲ್ಲ, ಅದು ತುಳಿದುಕೊಂಡು ಹೋಗದ ಹಾಗೆ ತಡೆಯುತ್ತದೆ. ಎತ್ತಿಕೊಂಡು ಹೋಗುವವನನ್ನು ತಡೆಯುವುದಿಲ್ಲ. ಬೈಕಿನ ಹಿಂದೆ ಕೂತವನು ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡರೆ ಮುಗಿಯಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಮಾರುವ ಸರಪಳಿಯೂ ಮೆತ್ತಗಿನ ಕಬ್ಬಿಣ. ಸೈಕಲ್‌ಗೆ ಅಂತಲೇ ಬರುವ, ಹದ ಕೊಟ್ಟ ಉಕ್ಕಿನ ಸರಪಳಿ ಬೇರೆ. ಅದನ್ನು ಕೈಯಲ್ಲಿ ಎತ್ತಿದರೇ ಗೊತ್ತಾಗುತ್ತದೆ, ಭಾರ ಜಾಸ್ತಿ.

ನಾನು ಹೇಳುವುದು ಯು-ಲಾಕ್, ಅಂದರೆ ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿದ ಉಕ್ಕಿನ ಸರಳಿಗೆ ಅಡ್ಡ ಸರಳು ಕೂರಿಸಿ ಹಾಕುವ ಬೀಗ. ಕೆಲವರು ಡಿ-ಲಾಕ್ ಅಂತಾರೆ. 12ರಿಂದ 14 ಮಿಲಿಮೀಟರ್ ದಪ್ಪದ, ಹದ ಕೊಟ್ಟ ಉಕ್ಕಿನದಾದರೆ ಕೈ ಕಟರ್ ಅದರ ಮುಂದೆ ಬಾಯಿ ಮುಚ್ಚಿಕೊಂಡಿರುತ್ತದೆ. ಅದಕ್ಕೆ ಗ್ರೈಂಡರ್ ಬೇಕು. ರಾತ್ರಿ ಹೊತ್ತು ತೋಟದಲ್ಲಿ ಗ್ರೈಂಡರ್ ಹಚ್ಚಿದರೆ ಸದ್ದು ಅರ್ಧ ಊರಿಗೆ ಕೇಳುತ್ತದೆ, ಕಿಡಿ ಬೇರೆ ಹಾರುತ್ತದೆ. ಕೊಳ್ಳುವಾಗ ಕೀ ಕಡೆಗೂ ಕಣ್ಣು ಹಾಯಿಸಿ. 2004ರಲ್ಲಿ ಅಮೆರಿಕದಲ್ಲಿ ದುಂಡು ಕೊಳವೆಯಂಥ ಕೀ ಇರುವ ಯು-ಲಾಕ್‌ಗಳನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆ ತೂರಿಸಿ ತೆಗೆಯಬಹುದು ಅಂತ ಬಯಲಾಗಿ ದೊಡ್ಡ ರಾದ್ಧಾಂತವೇ ಆಯಿತು. ಒಂದು ದೊಡ್ಡ ಕಂಪನಿ ಜನರ ಹಳೇ ಬೀಗ ತೆಗೆದುಕೊಂಡು ಹೊಸದು ಕೊಡಬೇಕಾಯಿತು. ಅಂಥವು ಈಗ ಕಡಿಮೆ. ಆದರೂ ಚಪ್ಪಟೆ ಕೀಯದನ್ನೇ ಕೇಳಿ ತೆಗೆದುಕೊಳ್ಳಿ.

ಈಗ ನಿಮ್ಮ ತೋಟಕ್ಕೆ ಬರೋಣ. ಯು-ಲಾಕ್ ತೆಂಗಿನ ಮರವನ್ನು ಸುತ್ತುವಷ್ಟು ಅಗಲ ಇರುವುದಿಲ್ಲ. ಹೊಸ ಬೀಗ ತಂದು ಮರದ ಮುಂದೆ ನಿಂತು ಪೇಚಾಡುವವರನ್ನು ಪ್ರತಿ ಕ್ಯಾಂಪಿನಲ್ಲೂ ನೋಡುತ್ತೇನೆ. ಯು-ಲಾಕ್ ಇರುವುದು ಸೈಕಲ್‌ಗೆ ಸೈಕಲ್ ಜೋಡಿಸಲು. ಮರಕ್ಕೆ ಸರಪಳಿ. ಬೆಳೆದ ತೆಂಗಿನ ಮರಕ್ಕಿಂತ ಒಳ್ಳೆ ಗೂಟ ಇಲ್ಲ, ಯಾರೂ ಅದರ ತುದಿಯಿಂದ ಸರಪಳಿ ಎತ್ತಿ ತೆಗೆಯುವುದಿಲ್ಲ. ತೋಟದಲ್ಲಿ ನಡುನಡುವೆ ಬಾಳೆ ಇರುತ್ತದೆ. ಬಾಳೆಗೆ ಬೀಗ ಹಾಕಿದ್ದನ್ನೂ ನೋಡಿದ್ದೇನೆ, ಕುಡುಗೋಲಿನ ಒಂದೇಟಿಗೆ ಆಗುವ ಕೆಲಸ ಅದು. ನುಗ್ಗೆಯೂ ಬೇಡ, ಕೈಯಲ್ಲೇ ಲಟಕ್ಕನೆ ಮುರಿಯುತ್ತದೆ. ಬೇಲಿಯ ಕಲ್ಲುಕಂಬ ನೋಡಲು ಗಟ್ಟಿ. ಆದರೆ ಆಳೆತ್ತರದ ಕಂಬದಿಂದ ಸರಪಳಿಯನ್ನು ಮೇಲಕ್ಕೆ ಜಾರಿಸಿ ತೆಗೆಯಬಹುದು. ಜೊತೆಗೆ ಬೇಲಿ ಅಂದರೆ ರಸ್ತೆ ಪಕ್ಕ. ಪಂಪ್‌ಸೆಟ್ಟಿನ ಸ್ಟಾರ್ಟರ್ ಇರುವ ಕಂಬಕ್ಕೋ ಕರೆಂಟ್ ಕಂಬಕ್ಕೋ ಖಂಡಿತ ಕಟ್ಟಬೇಡಿ. ಕಬ್ಬಿಣದ ಸೈಕಲ್, ಕಬ್ಬಿಣದ ಸರಪಳಿ, ಬೆಳಗಿನ ಇಬ್ಬನಿ, ಅದನ್ನು ಬಿಚ್ಚಲು ಹೋಗುವುದು ಮಗು. ಇನ್ನೊಂದು, ಆ ಮರದ ಕಾಯಿ ಕೆಡವಿದ್ದಾರಾ ಅಂತ ತೋಟದವರನ್ನು ಕೇಳಿ. ಬಲಿತ ಕಾಯಿ, ಒಣಗಿದ ಗರಿ ಯಾವಾಗ ಬೀಳುತ್ತವೆ ಅಂತ ಹೇಳಲಾಗುವುದಿಲ್ಲ. ಸೈಕಲ್‌ಗೆ ಬಿದ್ದರೆ ಕಡ್ಡಿ ಮುರಿದೀತು. ಟೆಂಟಿನ ಮೇಲೆ ಬಿದ್ದರೆ ಗತಿ ಏನು?

ಕಟ್ಟುವ ಕ್ರಮ ಹೀಗೆ. ಎರಡು ಸೈಕಲ್‌ಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿ, ಮುಖ ಮಾತ್ರ ಎದುರುಬದುರು ದಿಕ್ಕಿಗೆ. ಒಂದರ ಹ್ಯಾಂಡಲ್ ಪಕ್ಕಕ್ಕೆ ಇನ್ನೊಂದರ ಸೀಟು ಬರಬೇಕು. ಪೆಡಲ್ ಅಡ್ಡ ಬಂದರೆ ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ. ಬಣ್ಣ ಕೆರೆಯದ ಹಾಗೆ ನಡುವೆ ಹಳೇ ಗೋಣಿಚೀಲದ ತುಂಡು ಇಡಿ. ಒಂದರ ಸೀಟಿನ ಕೆಳಗಿನ ಕೊಳವೆ, ಇನ್ನೊಂದರ ಫ್ರೇಮಿನ ಕೆಳಗಿನ ಕೊಳವೆ, ಈ ಎರಡನ್ನೂ ಸೇರಿಸಿ ಯು-ಲಾಕ್ ಹಾಕಿ. ಕೀ ತೂತು ನೆಲದ ಕಡೆ ಇರಲಿ, ಇಬ್ಬನಿ ನೀರು ಒಳಗೆ ಇಳಿಯುವುದಿಲ್ಲ, ಒಳಗೆ ಕಡ್ಡಿ ತೂರಿಸುವವನಿಗೂ ಕಷ್ಟ. ಈಗ ಈ ಜೋಡಿಯನ್ನು ತುಳಿಯಲಿಕ್ಕೆ ಆಗುವುದಿಲ್ಲ, ಬೈಕಿನ ಮೇಲೆ ಹೊರಲಿಕ್ಕೂ ಆಗುವುದಿಲ್ಲ. ಆಮೇಲೆ ಸರಪಳಿಯನ್ನು ಎರಡೂ ಫ್ರೇಮಿನ ಒಳಗಿಂದ ತೂರಿಸಿ ಮರಕ್ಕೆ ಸುತ್ತಿ ಬೀಗ ಹಾಕಿ. ಸರಪಳಿ ನೆಲದ ಮೇಲೆ ಬಿದ್ದಿರಬಾರದು. ಬೋಲ್ಟ್ ಕಟರ್‌ನ ಒಂದು ಹಿಡಿಯನ್ನು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರ ಬಿಟ್ಟರೆ ದಪ್ಪ ಸರಪಳಿಯೂ ತುಂಡಾಗುತ್ತದೆ. ಮೊಣಕಾಲಿಗಿಂತ ಮೇಲೆ, ಸಡಿಲ ಇಲ್ಲದ ಹಾಗೆ ಬಿಗಿಯಾಗಿ ಇರಲಿ. ನಿಮ್ಮ ಕೇಬಲ್ ಲಾಕ್‌ಗಳನ್ನು ಎಸೆಯಬೇಡಿ. ನಾಲ್ಕೂ ಚಕ್ರದೊಳಗೆ ತೂರಿಸಲು ಅವೇ ಸರಿ. ಒಂದು ದಪ್ಪ ಮರಕ್ಕೆ ಆ ಕಡೆ ಒಂದು ಜೋಡಿ, ಈ ಕಡೆ ಒಂದು ಜೋಡಿ ಕೂರುತ್ತದೆ. ದೊಡ್ಡವರ 12 ಸೈಕಲ್‌ಗೆ ಆರು ಯು-ಲಾಕ್, ಮೂರ್ನಾಲ್ಕು ಉದ್ದ ಸರಪಳಿ. ಮಕ್ಕಳ ಸೈಕಲ್ ಆರನ್ನೂ ಒಂದೇ ಸರಪಳಿಗೆ ಪೋಣಿಸಿದರೆ ಸಾಕು. ಏಳೆಂಟು ಮನೆಯವರು ಹಂಚಿಕೊಂಡರೆ ಹೊರೆಯಾಗುವ ಖರ್ಚಲ್ಲ.

ಬಹಳಷ್ಟು ಗೇರ್ ಸೈಕಲ್‌ಗಳ ಚಕ್ರಕ್ಕೂ ಸೀಟಿಗೂ ಸ್ಪ್ಯಾನರ್ ಇಲ್ಲದೆ ಬಿಚ್ಚುವ ಕ್ವಿಕ್ ರಿಲೀಸ್ ಇರುತ್ತದೆ. ನಿಮಗೆ ಅನುಕೂಲ, ಕಳ್ಳನಿಗೂ ಅನುಕೂಲ. ರಾತ್ರಿ ಸೀಟನ್ನು ಕಂಬಿ ಸಮೇತ ಕಿತ್ತು ಟೆಂಟಿಗೆ ಒಯ್ಯಿರಿ. ಸೀಟಿಲ್ಲದ ಸೈಕಲ್ ಯಾರಿಗೂ ಆಸೆ ಹುಟ್ಟಿಸುವುದಿಲ್ಲ. ಕೆಲವರು ಮುಂದಿನ ಚಕ್ರದ ಲಿವರ್ ಸಡಿಲ ಮಾಡಿ ಇಡಿ, ಕದ್ದವನು ಬೀಳಲಿ ಅಂತ ಸಲಹೆ ಕೊಡುತ್ತಾರೆ. ಆ ಕೆಲಸ ಬೇಡ. ಬೆಳಗ್ಗೆ ಮರೆತು ಹತ್ತುವುದು ನಿಮ್ಮ ಮಗನೇ.

ಟೆಂಟ್ ಒಳಗೆ ಸೈಕಲ್ ಇಡುವ ಮಾತೇ ಬೇಡ. ಪೆಡಲ್ ಚುಚ್ಚಿ ಟೆಂಟಿನ ನೆಲ ಹರಿಯುತ್ತದೆ, ಚೈನಿನ ಗ್ರೀಸ್ ಹಾಸಿಗೆಗೆ ಮೆತ್ತುತ್ತದೆ, ಮಲಗಲು ಜಾಗ ಇರುವುದಿಲ್ಲ. ಇಷ್ಟೆಲ್ಲ ಕಷ್ಟಪಟ್ಟರೂ ಟೆಂಟಿನ ಜಿಪ್ ಬೀಗ ಅಲ್ಲ, ಬಟ್ಟೆ ಗೋಡೆ ಅಲ್ಲ. ಒಳಗೆ ಒಯ್ಯಬೇಕಾದ್ದು ಬಿಡಿ ಸಾಮಾನು: ಲೈಟು, ಪಂಪು, ಸ್ಪೀಡ್ ಮೀಟರ್, ಸೀಟಿನ ಕೆಳಗಿನ ಚೀಲ. ಕ್ಯಾಂಪಿನಲ್ಲಿ ಇಡೀ ಸೈಕಲ್‌ಗಿಂತ ಜಾಸ್ತಿ ಮಾಯವಾಗುವುದು ಇವೇ. ಮರದ ಕೆಳಗಿನ ಸೈಕಲ್‌ಗಳ ಮೇಲೆ ಒಂದು ಮಾಸಲು ಟಾರ್ಪಾಲ್ ಹೊದಿಸಿ. ಇಬ್ಬನಿಗೂ ಆಯಿತು, ಯಾವುದು ಹೊಸದು, ಯಾವುದು ಹಳೇದು ಅಂತ ದಾರಿಹೋಕರಿಗೆ ಕಾಣುವುದೂ ಇಲ್ಲ.

ಇನ್ನು ನಾನು ಮೊದಲೇ ಹೇಳಿದ ಜಾಗ, ಪಟ್ಟಿ, ಮನುಷ್ಯ. ಇದಕ್ಕೆ ಹೊಸದೇನೂ ಕಂಡುಹಿಡಿಯಬೇಕಿಲ್ಲ. ನಮ್ಮ ಟಾಕೀಸುಗಳ ಮುಂದೆ, ರೈಲ್ವೆ ಸ್ಟೇಷನ್ ಪಕ್ಕ, ಜಾತ್ರೆಗಳಲ್ಲಿ ಸೈಕಲ್ ಸ್ಟ್ಯಾಂಡ್ ಇರುತ್ತಿತ್ತಲ್ಲ, ಅದೇ ಪದ್ಧತಿ. ಚೀಟಿಯ ಒಂದು ತುಂಡು ಹ್ಯಾಂಡಲ್‌ಗೆ, ಇನ್ನೊಂದು ನಿಮ್ಮ ಜೇಬಿಗೆ. ಸಿನಿಮಾ ಬಿಟ್ಟಾಗ ನೂರಾರು ಜನ ಒಟ್ಟಿಗೆ ನುಗ್ಗಿದರೂ ಸ್ಟ್ಯಾಂಡಿನವನು ಎರಡು ನಂಬರ್ ತಾಳೆ ನೋಡದೆ ಸೈಕಲ್ ಬಿಡುತ್ತಿರಲಿಲ್ಲ. ನೀವೂ ರಟ್ಟಿನ ತುಂಡುಗಳನ್ನು ಮಾಡಿ. ಎರಡೂ ತುದಿಗೆ ಒಂದೇ ನಂಬರ್ ಬರೆದು ನಡುವೆ ಅಂಕುಡೊಂಕಾಗಿ ಕತ್ತರಿಸಿ. ಆಗ ಒಂದರ ತುಂಡು ಇನ್ನೊಂದಕ್ಕೆ ಕೂರುವುದಿಲ್ಲ, ಯಾರೂ ತಾವೇ ನಂಬರ್ ಬರೆದುಕೊಂಡು ಬರಲಾಗುವುದಿಲ್ಲ. ಹ್ಯಾಂಡಲ್ ತುಂಡನ್ನು ಬೈಂಡಿಂಗ್ ವೈರ್‌ನಲ್ಲಿ ಕಟ್ಟಿ. ನೋಟ್‌ಬುಕ್ಕಿನಲ್ಲಿ ನಂಬರ್, ಹೆಸರು, ಸೈಕಲ್ ಬಣ್ಣ, ಒಯ್ದ ಹೊತ್ತು, ತಂದ ಹೊತ್ತು ಬರೆಯಿರಿ. ಸ್ವಂತ ಸೈಕಲ್ ಆದರೂ ಚೀಟಿ ಕೊಡದೆ ತೆಗೆಯುವ ಹಾಗಿಲ್ಲ. ಮೊದಲ ದಿನ ಸಂಜೆ ಎಲ್ಲರೂ ಗೊಣಗುತ್ತಾರೆ. ಮರುದಿನ ತಾವೇ ಕ್ಯೂ ನಿಲ್ಲುತ್ತಾರೆ. ಬೇರೆ ಗುಂಪಿನವರೂ ಇದೇ ಸ್ಟ್ಯಾಂಡಿಗೆ ಸೇರಿದರೆ ಇನ್ನೂ ಒಳ್ಳೆಯದು. ಆಯೋಜಕರಿಗೆ ಈಗಲೇ ಫೋನ್ ಮಾಡಿ ಮಾತಾಡಿ.

ಈ ಚೀಟಿಯಿಂದ ಇನ್ನೊಂದು ಲಾಭ ಇದೆ. ಕ್ಯಾಂಪಿನಲ್ಲಿ ‘ಕಳ್ಳತನ ಆಯ್ತು’ ಅಂತ ಎದ್ದ ಗುಲ್ಲಿನಲ್ಲಿ ಬಹಳಷ್ಟು ಕಳ್ಳತನವೇ ಅಲ್ಲ. ಯಾರದೋ ಮಗ ಯಾರದೋ ಸೈಕಲ್ ತೆಗೆದುಕೊಂಡು ‘ಒಂದು ರೌಂಡ್’ ಹೋಗಿರುತ್ತಾನೆ. ಪಂಕ್ಚರ್ ಆಗಿ ನಾಲೆ ಏರಿ ಮೇಲೆ ಬಿಟ್ಟು ನಡೆದುಕೊಂಡು ಬಂದಿರುತ್ತಾನೆ, ಹೇಳಲು ಹೆದರಿಕೆ. ಆ ಕಡೆ ವಿಶ್ವೇಶ್ವರಯ್ಯ ನಾಲೆ ಹರಿಯುತ್ತದೆ. ಏರಿ ರಸ್ತೆಯಲ್ಲಿ ಎಷ್ಟೋ ಕಡೆ ತಡೆಗೋಡೆ ಇಲ್ಲ, ನೀರಿನ ಸೆಳೆತ ಜೋರು. ಸೈಕಲ್ ಹೋದರೆ ಹೋಯಿತು ಅನ್ನಬಹುದು. ಹಾಗಾಗಿ ಕತ್ತಲಾದ ಮೇಲೆ ಸ್ಟ್ಯಾಂಡಿನಿಂದ ಮಕ್ಕಳಿಗೆ ಸೈಕಲ್ ಕೊಡಲೇಬೇಡಿ.

ಕಣ್ಣು ತಪ್ಪುವ ಹೊತ್ತು ಯಾವುದು ಅಂತ ಗೊತ್ತಿದ್ದರೆ ಕಾಯುವುದು ಸುಲಭ. ಬಂದ ದಿನ ಸಂಜೆ ಎಲ್ಲರೂ ಟೆಂಟ್ ಹಾಕುವುದರಲ್ಲಿ ಮುಳುಗಿರುತ್ತಾರೆ. ರಾತ್ರಿ ಬೆಂಕಿ ಹಾಕಿ ಹಾಡು, ಕುಣಿತ ಅಂತ ಕೂತಾಗ ಬೆಳಕು ನೋಡಿದ ಕಣ್ಣಿಗೆ ಹತ್ತು ಹೆಜ್ಜೆ ಆಚೆ ಏನೂ ಕಾಣುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಕೊನೆಯ ದಿನ ಬೆಳಗ್ಗೆ. ಬೀಗ ಎಲ್ಲ ಬಿಚ್ಚಿರುತ್ತದೆ, ಶಾಮಿಯಾನದವರು, ಪಾತ್ರೆಯವರು, ನೀರಿನ ಟ್ಯಾಂಕರ್‌ನವರು ಬಂದು ಹೋಗುತ್ತಿರುತ್ತಾರೆ, ಯಾರು ಏನು ಹೊತ್ತುಕೊಂಡು ಹೋದರೂ ಯಾರೂ ಕೇಳುವುದಿಲ್ಲ. ಅವತ್ತು ಗಾಡಿ ಬಂದು ನಿಂತ ಮೇಲೇ ಬೀಗ ಬಿಚ್ಚಿ, ಪಟ್ಟಿ ಓದುತ್ತಾ ಒಂದೊಂದೇ ಹತ್ತಿಸಿ.

ರಾತ್ರಿ ಕಾವಲಿಗೆ ದೊಡ್ಡವರು ಇಬ್ಬಿಬ್ಬರಂತೆ ಎರಡೆರಡು ಗಂಟೆ ಪಾಳಿ ಹಾಕಿಕೊಳ್ಳಿ. ಟೆಂಟ್‌ಗಳನ್ನು ಸೈಕಲ್ ಮರದ ಸುತ್ತ ಹಾಕಿ, ರಸ್ತೆ ಕಡೆ ಬೆನ್ನು ಬರುವ ಹಾಗೆ ಸೈಕಲ್ ಬಿಡಬೇಡಿ. ತೋಟಕ್ಕೆ ಗೇಟ್ ಒಂದೇ ಇದ್ದರೆ ರಾತ್ರಿ ಅದಕ್ಕೆ ಅಡ್ಡ ಒಂದು ಕಾರು ನಿಲ್ಲಿಸಿ, ಕೀ ಕಾವಲಿನವರ ಕೈಯಲ್ಲಿರಲಿ, ತುರ್ತಿಗೆ ಬೇಕಾಗುತ್ತದೆ. ತೋಟ ಕಾಯುವವರು ಇದ್ದರೆ ಅವರಿಗೆ ಕೂಲಿ ಕೊಟ್ಟು ಜೊತೆ ಮಾಡಿಕೊಳ್ಳಿ. ‘ಸ್ವಲ್ಪ ನೋಡ್ಕೊಳಪ್ಪ’ ಅಂದು ಕೈ ಬೀಸಿ ಹೋಗುವುದು ಕಾವಲು ಒಪ್ಪಿಸಿದ ಹಾಗಲ್ಲ. ಎಣಿಸಿ ಒಪ್ಪಿಸಿ, ಬೆಳಗ್ಗೆ ಎಣಿಸಿ ತೆಗೆದುಕೊಳ್ಳಿ. ಅವರ ನಾಯಿಗೆ ಹೊಸಬರ ಹೆಜ್ಜೆ ಸದ್ದು ನಿಮಗಿಂತ ಮೊದಲು ತಿಳಿಯುತ್ತದೆ. ಇಲ್ಲಿ ಒಂದು ಮಾತು ಕಟುವಾಗಿಯೇ ಹೇಳುತ್ತೇನೆ. ಏನಾದರೂ ಕಾಣದಾದರೆ ಪೇಟೆಯಿಂದ ಹೋದವರ ಬಾಯಲ್ಲಿ ಮೊದಲು ಬರುವುದು ‘ಈ ಊರಿನ ಹುಡುಗರೇ ಇರಬೇಕು’. ನೂರು ಜನ ಪರಿಚಯವಿಲ್ಲದವರನ್ನು ಪಕ್ಕದ ಟೆಂಟಿನಲ್ಲಿ ಇಟ್ಟುಕೊಂಡು, ಕಬ್ಬು ಕಡಿಯಲು ಬಂದವರ ಮೇಲೆ ಅನುಮಾನ ಪಡುವುದು ಯಾವ ನ್ಯಾಯ? ಊರಿನವರನ್ನು ವಿಶ್ವಾಸಕ್ಕೆ ತೆಗೆದುಕೊಂಡರೆ ಅಪರಿಚಿತ ಗಾಡಿ ಬಂದದ್ದು ಮೊದಲು ತಿಳಿಸುವವರು ಅವರೇ.

ಸಾಗಿಸುವ ವಿಷಯ. ಮೈಸೂರಿನಿಂದ ಪಾಂಡವಪುರದ ಕಡೆಗೆ ಸುಮಾರು 25 ಕಿಲೋಮೀಟರ್. ತುಳಿದು ಅಭ್ಯಾಸ ಇರುವವರಿಗೆ ಬೆಳಗಿನ ತಿಂಡಿ ಹೊತ್ತಿಗೆ ಮುಗಿಯುವ ದಾರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಹತ್ತಬೇಡಿ. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆಗೆ ಸೈಕಲ್‌ನಂಥ ಮೋಟಾರಿಲ್ಲದ ಗಾಡಿಗಳಿಗೂ ನಿಷೇಧ ಇದೆ. ಸರ್ವಿಸ್ ರಸ್ತೆಯಲ್ಲೇ ಹೋಗಿ. ಕಬ್ಬಿನ ಗಾಡಿ ಕಂಡರೆ ದೂರ ಇರಿ. ಟ್ರೇಲರ್‌ನಿಂದ ಹೊರಗೆ ಚಾಚಿದ ಜಲ್ಲೆ ಸೈಕಲ್ ತುಳಿಯುವವರ ಮುಖದ ಎತ್ತರಕ್ಕೇ ಬರುತ್ತದೆ. ಚಿಕ್ಕ ಮಕ್ಕಳನ್ನು ಈ ದಾರಿಯಲ್ಲಿ ತುಳಿಸಬೇಡಿ.

ಮಕ್ಕಳ ಸೈಕಲ್, ತುಳಿಯಲಾಗದವರ ಸೈಕಲ್‌ಗೆ ಒಂದು ಟಾಟಾ ಏಸ್ ಮಾಡಿಕೊಳ್ಳಿ. ಸೈಕಲ್‌ಗಳನ್ನು ಒಂದು ಬಲಕ್ಕೆ, ಒಂದು ಎಡಕ್ಕೆ ಮುಖ ಮಾಡಿ ನಿಲ್ಲಿಸಿದರೆ ಹ್ಯಾಂಡಲ್‌ಗಳು ಸಿಕ್ಕಿಕೊಳ್ಳುವುದಿಲ್ಲ. ನಡುನಡುವೆ ರಟ್ಟು ಅಥವಾ ಗೋಣಿಚೀಲ. ಮಲಗಿಸಲೇಬೇಕಾದರೆ ಗೇರ್ ಇರುವ ಬಲಮಗ್ಗುಲು ಮೇಲಕ್ಕೆ ಬರಲಿ. ಕೆಳಗಾದರೆ ಹಿಂದಿನ ಗೇರಿನ ಕೊಕ್ಕೆ ಬಗ್ಗುತ್ತದೆ, ಆಮೇಲೆ ಗೇರ್ ಬದಲಿಸಿದಾಗ ಚೈನನ್ನು ಸರಿಸುವ ಡಿರೇಲರ್ ಕಡ್ಡಿಗೆ ಸಿಕ್ಕಿ ಚಕ್ರವೇ ಹಾಳಾಗುತ್ತದೆ. ಹಗ್ಗವನ್ನು ಫ್ರೇಮಿಗೆ ಬಿಗಿಯಿರಿ, ಚಕ್ರಕ್ಕಲ್ಲ. ಸೈಕಲ್ ಹಿಡಿದುಕೊಳ್ಳಲಿ ಅಂತ ಮಕ್ಕಳನ್ನು ಹಿಂದೆ ಕೂರಿಸಬೇಡಿ. ಸರಕು ಗಾಡಿಯಲ್ಲಿ ಜನ ಕೂರುವುದು ಕಾನೂನಿಗೂ ವಿರುದ್ಧ, ಅಪಾಯವೂ ಹೌದು. ದೊಡ್ಡವರೊಬ್ಬರು ಡ್ರೈವರ್ ಪಕ್ಕ ಕೂರಲಿ. ಲೋಡ್ ಆದಾಗ ಎಷ್ಟು, ಇಳಿಸಿದಾಗ ಎಷ್ಟು ಅಂತ ಎಣಿಸುವುದು ಅವರ ಕೆಲಸ.

ಕಾರಿನ ಹಿಂದೆ ಸೈಕಲ್ ಒಯ್ಯಲು ಕಟ್ಟುವ ಸ್ಟ್ಯಾಂಡ್ ಬಟ್ಟೆ ಪಟ್ಟಿಯಿಂದ ನಿಂತಿರುತ್ತದೆ. ಬ್ಲೇಡ್ ಇದ್ದರೆ ಪಟ್ಟಿ ಕುಯ್ಯಲು ಎಷ್ಟು ಹೊತ್ತು? ಶ್ರೀರಂಗಪಟ್ಟಣದಲ್ಲಿ ಕಾಫಿಗೆ ನಿಲ್ಲಿಸಿದರೆ ಕೂತ ಮೇಜಿನಿಂದ ಕಾರು ಕಾಣಬೇಕು, ಇಲ್ಲದಿದ್ದರೆ ಒಬ್ಬರು ಕಾರಿನ ಹತ್ತಿರವೇ ಇರಬೇಕು. ನಂಬರ್ ಪ್ಲೇಟ್ ಮತ್ತು ಹಿಂದಿನ ದೀಪ ಮುಚ್ಚುವ ಹಾಗೆ ಕಟ್ಟಬೇಡಿ. ರೈಲು? ಪಾಂಡವಪುರದಲ್ಲಿ ಸ್ಟೇಷನ್ ಇದೆ, ಸೈಕಲ್ ಬುಕ್ ಮಾಡಿ ಬ್ರೇಕ್ ವ್ಯಾನ್‌ನಲ್ಲಿ, ಅಂದರೆ ಸಾಮಾನಿನ ಡಬ್ಬಿಯಲ್ಲಿ, ಕಳಿಸುವ ಪದ್ಧತಿಯೂ ಇದೆ. ಇಷ್ಟು ಹತ್ತಿರಕ್ಕೆ ಆ ರಗಳೆ ಯಾಕೆ? ಮೈಸೂರಿನ ಬಾಡಿಗೆ ಸೈಕಲ್ ಏರ್ಪಾಡಾದ ಟ್ರಿಣ್ ಟ್ರಿಣ್‌ನ ಸೈಕಲ್ ಒಯ್ಯಬಹುದಾ ಅಂತ ಕೆಲವರು ಕೇಳುತ್ತಾರೆ. 2017ರಲ್ಲಿ ಬಂದ ಆ ಏರ್ಪಾಡು ಊರೊಳಗೆ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಓಡಾಡಲು. ತೋಟದಲ್ಲಿ ಎರಡು ರಾತ್ರಿ ನಿಲ್ಲಿಸಲು ಅಲ್ಲ.

ಹೊರಡುವ ಮೊದಲು ಒಂದು ಸಂಜೆ ಎಲ್ಲರೂ ಸೇರಿ ಈ ಕೆಲಸ ಮಾಡಿ. ಸೈಕಲ್‌ಗೆ ಬೈಕಿನ ಹಾಗೆ ನೋಂದಣಿ ಇಲ್ಲ, ಆರ್‌ಸಿ ಇಲ್ಲ. ಅದು ನಿಮ್ಮದೇ ಅನ್ನಲು ಇರುವುದು ಬಿಲ್ಲು ಮತ್ತು ಫ್ರೇಮ್ ನಂಬರ್. ಸೈಕಲ್ಲನ್ನು ತಲೆಕೆಳಗೆ ಮಾಡಿ, ಪೆಡಲ್‌ಗಳ ನಡುವಿನ ಕೊಳವೆಯ ತಳ ಒರೆಸಿ. ಹೆಚ್ಚಿನವುಗಳಲ್ಲಿ ನಂಬರ್ ಅಲ್ಲೇ ಕೊರೆದಿರುತ್ತದೆ. ಕೆಲವಲ್ಲಿ ಹ್ಯಾಂಡಲ್ ಕೆಳಗೆ ಅಥವಾ ಸೀಟಿನ ಕೊಳವೆ ಮೇಲೆ. ಅದರ ಫೋಟೋ, ಬಿಲ್ಲಿನ ಫೋಟೋ, ಸೈಕಲ್ ಪಕ್ಕ ನೀವು ನಿಂತ ಫೋಟೋ ಇಟ್ಟುಕೊಳ್ಳಿ. ಇನ್ನೊಂದು ಉಪಾಯ ಹೇಳುತ್ತೇನೆ. ಸೀಟಿನ ಕಂಬಿ ತೆಗೆದು, ಹೆಸರು, ಫೋನ್ ನಂಬರ್ ಬರೆದ ಚೀಟಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕೊಳವೆಯೊಳಗೆ ಬಿಡಿ. ಬಣ್ಣ ಬದಲಿಸಿ ಮಾರಿದರೂ ಒಳಗಿನ ಚೀಟಿ ನೋಡುವವರು ಯಾರಿದ್ದಾರೆ? ಠಾಣೆಯಲ್ಲಿ ‘ಇದು ನಿಮ್ಮದು ಅಂತ ಹೇಗೆ ಹೇಳ್ತೀರಿ’ ಅಂದಾಗ ಸೀಟು ಎತ್ತಿ ತೋರಿಸಬಹುದು.

ವಸ್ತು ಎಲ್ಲಿದೆ ಅಂತ ಫೋನಿನಲ್ಲಿ ತೋರಿಸುವ ಏರ್‌ಟ್ಯಾಗ್ ಥರದ ಬಿಲ್ಲೆ ಅಂಟಿಸಿದರೆ ಸಾಕಲ್ಲ ಅನ್ನುವವರೂ ಇದ್ದಾರೆ. ಅದರಲ್ಲಿ ಜಿಪಿಎಸ್ ಇಲ್ಲ. ಹತ್ತಿರ ಹಾದುಹೋಗುವ ಬೇರೆಯವರ ಐಫೋನ್‌ಗಳ ಮೂಲಕ ಅದು ತಾನಿರುವ ಜಾಗ ತಿಳಿಸುತ್ತದೆ. ದೇವರಾಜ ಅರಸು ರಸ್ತೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡೀತು, ಕಬ್ಬಿನ ಗದ್ದೆ ನಡುವೆ ಯಾರ ಫೋನನ್ನು ನೆಚ್ಚಿಕೊಳ್ಳುವುದು? ಬೇರೆಯವರ ಜೊತೆ ಬಹಳ ಹೊತ್ತು ಪ್ರಯಾಣ ಮಾಡಿದರೆ ‘ನಿಮ್ಮ ಜೊತೆ ಒಂದು ಟ್ಯಾಗ್ ಬರುತ್ತಿದೆ’ ಅಂತ ಅವರ ಫೋನಿಗೆ ಸುದ್ದಿಯೂ ಹೋಗುತ್ತದೆ. ಇದ್ದರೆ ಸೀಟಿನ ಕೆಳಗೆ ಬಚ್ಚಿಡಿ. ಇದಕ್ಕೋಸ್ಕರ ಕೊಳ್ಳಬೇಡಿ.

ಇಷ್ಟಾದರೂ ಒಂದು ಸೈಕಲ್ ಕಾಣಲಿಲ್ಲ ಅನ್ನಿ. ಮೊದಲು ಗೇಟ್ ಮುಚ್ಚಿ, ಸ್ಟ್ಯಾಂಡಿನ ಪಟ್ಟಿ ನೋಡಿ, ಮಕ್ಕಳನ್ನು ಬೈಯದೆ ಕೇಳಿ, ನಾಲೆ ಕಡೆಗೊಬ್ಬರು, ಊರಿನ ಕಡೆಗೊಬ್ಬರು ಹೋಗಿ ಬನ್ನಿ. ಕತ್ತರಿಸಿದ ಬೀಗ ಬಿದ್ದಿದ್ದರೆ ಮುಟ್ಟದೆ ಫೋಟೋ ತೆಗೆಯಿರಿ. ಕಳವು ಅನ್ನುವುದು ಖಚಿತವಾದರೆ 112ಕ್ಕೆ ಫೋನ್ ಮಾಡಿ, ಆಮೇಲೆ ಠಾಣೆಗೆ ಹೋಗಿ ದೂರು ಬರೆದುಕೊಡಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಕೃತ್ಯ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಮೈಸೂರಿಗೆ ವಾಪಸ್ ಬಂದ ಮೇಲೆ ಗೊತ್ತಾದರೂ ಪಾಂಡವಪುರಕ್ಕೇ ಓಡಬೇಕಿಲ್ಲ. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ನಿಮಗೆ ಪುಕ್ಕಟೆ ಸಿಗಬೇಕು, ಕೇಳಿ ತೆಗೆದುಕೊಳ್ಳಿ.

ಇಲ್ಲಿ ಬಿಲ್ಲಿನ ಮಹತ್ವ ಇದೆ. ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಹೇಳುವುದು ಮೂರು ವರ್ಷದವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಆದರೆ ವಸ್ತುವಿನ ಬೆಲೆ 5 ಸಾವಿರಕ್ಕಿಂತ ಕಡಿಮೆ ಇದ್ದರೆ, ಮೊದಲ ಸಲ ಶಿಕ್ಷೆಯಾಗುವವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದ ಮೇಲೆ, ಸಮುದಾಯ ಸೇವೆಯ ಶಿಕ್ಷೆ ಅಷ್ಟೇ. ಅಂಥ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆಯನ್ನೂ ಮಾಡುವ ಹಾಗಿಲ್ಲ. ‘ಯಾವುದೋ ಹಳೇ ಸೈಕಲ್ಲು’ ಅಂತ ದೂರು ಬರೆಯುವುದಕ್ಕೂ, ಬಿಲ್ ಲಗತ್ತಿಸಿ ಬೆಲೆ, ನಂಬರ್ ಬರೆಯುವುದಕ್ಕೂ ಇಷ್ಟು ವ್ಯತ್ಯಾಸ. ಇನ್ನು ರಾಜ್ಯ ಪೊಲೀಸರ ಇ-ಲಾಸ್ಟ್ ಅನ್ನುವ ಆನ್‌ಲೈನ್ ವ್ಯವಸ್ಥೆ ಇರುವುದು ಕಳೆದುಹೋದ ವಸ್ತುಗಳಿಗೆ. ಕಳವನ್ನು ಅಲ್ಲಿ ‘ಕಳೆದುಹೋಗಿದೆ’ ಅಂತ ಹಾಕಿದರೆ ಎಫ್‌ಐಆರ್ ಆಗುವುದಿಲ್ಲ. ಸೈಕಲ್‌ಗೆ ವಿಮೆ ಮಾಡಿಸಿದ್ದರೆ ಅಲ್ಲಿ ಕೇಳುವುದೂ ಎಫ್‌ಐಆರ್, ಬಿಲ್ಲು, ಜೊತೆಗೆ ಅಲುಗಾಡದ ವಸ್ತುವಿಗೆ ಬೀಗ ಹಾಕಿತ್ತು ಅನ್ನುವುದಕ್ಕೆ ಸಾಕ್ಷಿ. ಸಂಜೆ ಬೀಗ ಹಾಕಿದ ಮೇಲೆ ಮರದ ಸಮೇತ ಒಂದು ಫೋಟೋ ತೆಗೆದಿಡಿ.

ಕೊನೆಗೆ ನಿಮ್ಮ ಮಗನ ಹೊಸ ಸೈಕಲ್. ಮೈಸೂರಿನಿಂದ ತುಳಿದುಕೊಂಡೇ ಬರುತ್ತಾನೆ, ಕುಂತಿಬೆಟ್ಟದ ಕಡೆ ಸುತ್ತಾಡುತ್ತಾನೆ ಅನ್ನುವುದಾದರೆ ತರಲಿ, ಗೇರ್ ಇರುವುದು ಅದಕ್ಕೇ ಅಲ್ವಾ? ಯು-ಲಾಕಿನ ಒಂದು ಕೀ ಅವನ ಕುತ್ತಿಗೆಯಲ್ಲಿ ದಾರಕ್ಕೆ, ಇನ್ನೊಂದು ನಿಮ್ಮ ಪರ್ಸಿನಲ್ಲಿ ಇರಲಿ. ಎರಡನ್ನೂ ಒಂದೇ ಗೊಂಚಲಿಗೆ ಹಾಕಬೇಡಿ, ಕಳೆದರೆ ತೋಟದಲ್ಲಿ ಕತ್ತರಿಸಿ ಕೊಡಲು ಯಾರೂ ಸಿಗುವುದಿಲ್ಲ. ಗಾಡಿಯಲ್ಲಿ ಹಾಕಿ ತಂದು ತೋಟದೊಳಗೆ ನಾಲ್ಕು ಸುತ್ತು ಹೊಡೆಯುವುದಕ್ಕಾದರೆ ಮನೆಯಲ್ಲಿರುವ ಹಳೇ ಸೈಕಲ್ಲಿಗೆ ಗಾಳಿ ಹಾಕಿಸಿ, ಬ್ರೇಕ್ ಸರಿ ಮಾಡಿಸಿ ಕಳಿಸಿ.